ಬಾಯಿ ಮುಚ್ಚಿಕೊಂಡ ದೆವ್ವ

"ಅಕ್ಕಾ, ಹೋಗು, ಈಗ ಹೋಗು. ನಾನು ಬಾಯಿ ಮುಚ್ಕೊಂಡಿದೀನಿ."

ಹೇಳಿದ ಮೇಲೆ ಬಟಾಣಿಗೆ ಹೊಳೆಯಿತು, ಹೇಳುವುದಕ್ಕೆ ಬಾಯಿ ತೆರೆಯಬೇಕಾಯಿತಲ್ಲ ಎಂದು. ಗಡಬಡಿಸಿ ಎರಡೂ ತುಟಿಗಳನ್ನು ಒಳಕ್ಕೆ ಎಳೆದುಕೊಂಡು, ರಿಮೋಟಿನ ಗುಂಡಿಗಳನ್ನೆಲ್ಲ ಒಟ್ಟಿಗೇ ಒತ್ತಿದ.

ಅವನ ಅಕ್ಕನಿಗೆ ಇದೊಂದೂ ಕೇಳಿಸಲಿಲ್ಲ. ಅವಳ ಕಣ್ಣು ಟಿವಿಗೆ ಅಂಟಿಹೋಗಿತ್ತು. ಪರದೆಯ ಮೇಲೆ ಕಂದೀಲು ಹಿಡಿದ ಪುಟ್ಟ ಮನುಷ್ಯ ಮುರುಕು ಮೆಟ್ಟಿಲ ತುದಿಯಲ್ಲಿ ನಿಂತಿದ್ದ. ಬಾವಲಿಗಳನ್ನು ದಾಟಿ, ತಮ್ಮ ತಲೆಯನ್ನೇ ಕಿತ್ತು ಎಸೆಯುವ ಅಸ್ಥಿಪಂಜರಗಳನ್ನು ದಾಟಿ, ಸ್ನಾನದ ತೊಟ್ಟಿಯಿಂದ ಮೇಲೇಳುವ ಹಸಿರು ಕೈಯನ್ನು ದಾಟಿ ಬಂಗಲೆಯ ಕೊನೇ ಮಹಡಿಗೆ ಬಂದಿದ್ದ. ಎದುರಿಗೆ ದೊಡ್ಡ ದೆವ್ವ. ಅದು ಬಾಯಿ ತೆರೆದಾಗ ಹಾರಿದರೆ ನುಂಗಿಬಿಡುತ್ತಿತ್ತು. ಮುಚ್ಚಿದಾಗ ಹಾರಿದರೆ ಅದರ ತಲೆಯ ಮೇಲೆ ಕಾಲಿಟ್ಟು ಆಚೆಗೆ ನೆಗೆಯಬಹುದಿತ್ತು.

ದೆವ್ವದ ಎಡ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ಬಾಯಿ ಮುಚ್ಚಿತು. ಅವಳು ಗುಂಡಿ ಒತ್ತಿದಳು.

ಪುಟ್ಟ ಮನುಷ್ಯ ಹಾರಿದ. ದೆವ್ವದ ತಲೆ ಮೇಲೆ ಟಪ್ ಎಂದು ಕಾಲಿಟ್ಟ. ಆಚೆ ಬಿದ್ದ.

ಬಂಗಲೆಯ ಕಿಟಕಿಗಳಲ್ಲೆಲ್ಲ ಹಳದಿ ದೀಪ ಹೊತ್ತಿಕೊಂಡಿತು. ಇಷ್ಟು ದಿನ ಟುಂಯ್ ಟುಂಯ್ ಎಂದು ಹೆದರಿಸುತ್ತಿದ್ದ ಸಂಗೀತ, ಯಾರೋ ಕಚಗುಳಿ ಇಟ್ಟಂತೆ ಕುಣಿಯತೊಡಗಿತು.

"ಗೆದ್ದೆ," ಎಂದಳು ಅವಳು. "ಬಟಾಣಿ, ಗೆದ್ದೆ ಕಣೋ."

"ನಾನು ಬಿಟ್ಟೆ ಅಲ್ವಾ ಅಕ್ಕ?"

"ಹೂಂ ಹೂಂ, ನೀನೇ ಬಿಟ್ಟೆ." ಖುಷಿಯಲ್ಲಿ ಅವಳು ಅವನ ಕೆನ್ನೆ ಹಿಂಡಿದಳು. ಆ ಹೊತ್ತಿಗೆ ಅವಳು ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದಳು.

ಈ ಆಟದ ಪೆಟ್ಟಿಗೆ ಮನೆಗೆ ಬಂದದ್ದು ಅಪ್ಪನ ಕೆಲಸದಿಂದ. ಅಪ್ಪ ಮನೆಗಳಿಗೆ ಬಣ್ಣ ಬಳಿಯುವವ. ಯಾರದೋ ಮನೆಯ ಅಟ್ಟ ಖಾಲಿ ಮಾಡಿಸುವಾಗ, "ಮಕ್ಕಳಿದ್ರೆ ತಗೊಂಡು ಹೋಗಿ," ಎಂದು ಅವರು ಕೊಟ್ಟಿದ್ದರು. ಹಲ್ಲುಜ್ಜದವರ ಹಲ್ಲಿನ ಬಣ್ಣದ ಪೆಟ್ಟಿಗೆ. ಅದರ ಜೊತೆ ಒಂದೇ ಕ್ಯಾಸೆಟ್. ಅದರ ಚೀಟಿ ಹರಿದುಹೋಗಿದ್ದರಿಂದ ಆಟದ ಹೆಸರೇನೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ 'ಬಂಗಲೆ ಆಟ' ಅನ್ನುತ್ತಿದ್ದರು. ಹಾಕುವ ಮೊದಲು ಕ್ಯಾಸೆಟ್ಟಿಗೆ ಫೂ ಎಂದು ಊದಬೇಕು. ಇಲ್ಲದಿದ್ದರೆ ಟಿವಿಯಲ್ಲಿ ಬರೀ ಇರುವೆಗಳು.

ರಿಮೋಟು ಮಾತ್ರ ಎರಡಿದ್ದವು. ಎರಡನೆಯದರ ಪಿನ್ ಸೊಟ್ಟಗಾಗಿ ಪೆಟ್ಟಿಗೆಯ ತೂತಿನೊಳಗೆ ಹೋಗುತ್ತಿರಲಿಲ್ಲ. ನನಗೂ ಬೇಕು ಎಂದು ಬಟಾಣಿ ನೆಲದಲ್ಲಿ ಹೊರಳಾಡಿ ಅತ್ತ ದಿನ, ಅವಳು ಆ ಕೆಟ್ಟ ರಿಮೋಟನ್ನು ಅವನ ಕೈಗಿಟ್ಟಳು. ಅದರ ವೈರನ್ನು ಟಿವಿ ಸ್ಟ್ಯಾಂಡಿನ ಹಿಂದಕ್ಕೆ ತಳ್ಳಿದಳು.

"ನೀನು ದೊಡ್ಡ ದೆವ್ವ, ಆಯ್ತಾ?"

ಅವನ ಅಳು ನಲ್ಲಿ ತಿರುಗಿಸಿದಂತೆ ನಿಂತಿತ್ತು.

* * *

ಗೆದ್ದ ಸುದ್ದಿ ಮರುದಿನ ಶಾಲೆಯ ವ್ಯಾನಿನಲ್ಲಿ ಹಬ್ಬಿತು. ಹಬ್ಬಿಸಿದವಳು ಅವಳೇ. ಎಲ್ಲರೂ ಅವಳನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅದು ಅಪ್ಪ ಇಟ್ಟ ಹೆಸರು.

"ಕೊನೇ ಮಹಡಿ," ಎಂದಳು ಮೇಸ್ತ್ರಿ. "ಒಂದು ಜೀವ ಉಳಿದಿತ್ತು ಅಷ್ಟೆ."

ಎದುರು ಸೀಟಿನಲ್ಲಿ ಲಾಯರ್ ಕೂತಿದ್ದಳು. ಪಕ್ಕದ ಬೀದಿಯ ಹುಡುಗಿ, ಮೇಸ್ತ್ರಿಯದೇ ಕ್ಲಾಸು. ಪೆನ್ಸಿಲ್ ಕಳೆದರೂ ಅವಳು ಸಾಕ್ಷಿ ಕೇಳುತ್ತಿದ್ದಳು. ಬೆಳಿಗ್ಗೆ ಗುಡ್ ಮಾರ್ನಿಂಗ್ ಅಂದರೆ, ಹೇಗೆ ಹೇಳ್ತೀಯ ಎಂದು ಕೇಳುವವಳು.

"ನೀನು ಗೆದ್ದಿದ್ದನ್ನ ಯಾರು ನೋಡಿದ್ರು?"

"ಬಟಾಣಿ ನೋಡಿದಾನೆ, ಕೇಳು."

ಬಟಾಣಿ ಅಕ್ಕನ ತೊಡೆಯ ಮೇಲೆ, ನೀರಿನ ಬಾಟಲಿ ಅಪ್ಪಿಕೊಂಡು ಕೂತಿದ್ದ. ಲಾಯರ್ ಮುಂದಕ್ಕೆ ಬಾಗಿದಳು.

"ಆಟದಲ್ಲಿ ನೀನೇನಪ್ಪ ಮಾಡ್ತಿದ್ದೆ?"

"ನಾನು ದೆವ್ವ. ದೊಡ್ಡದು."

"ಓಹೋ. ನಿಮ್ಮಕ್ಕ ಹತ್ರ ಬಂದಾಗ?"

"ಬಾಯಿ ಮುಚ್ಕೊಂಡೆ."

"ಯಾಕೆ?"

"ಅಕ್ಕ ಅಲ್ವಾ," ಎಂದ ಬಟಾಣಿ. "ಪಾಪ."

ವ್ಯಾನು ಗುಂಡಿಗೆ ಬಿದ್ದಾಗಲೂ ಅಷ್ಟು ಕುಲುಕಿರಲಿಲ್ಲ. ಹಿಂದಿನ ಸೀಟಿನವರು ಮುಂದಿನ ಸೀಟಿನವರ ಬೆನ್ನಿಗೆ ಹೊಡೆದುಕೊಂಡು ನಕ್ಕರು. ಡ್ರೈವರ್ ಅಂಕಲ್ ಕನ್ನಡಿಯಲ್ಲಿ ನೋಡಿ, "ದೆವ್ವ ಸಾಹೇಬ್ರೇ, ಬಾಟ್ಲಿ ಮುಚ್ಚಳ ಹಾಕಿ, ಸೀಟೆಲ್ಲ ನೀರಾಗ್ತಿದೆ," ಅಂದರು.

"ತಮ್ಮ ಪಾಪ ಅಂತ ಬಿಟ್ಟನಂತೆ," ಎಂದಳು ಲಾಯರ್. "ಕೇಸು ಮುಗೀತು."

"ಅವನು ಬಿಟ್ಟಿಲ್ಲ, ನಾನೇ ಗೆದ್ದಿದ್ದು. ಯಾರಾದ್ರೂ ಬಿಟ್ಟುಕೊಟ್ರೆ ಗೆಲ್ಲೋಳು ನಾನಲ್ಲ. ಇವನಷ್ಟು ಇದ್ದಾಗಲೇ ಗೋಡೆ ಬಳಿದವಳು ನಾನು. ನಮ್ಮನೆ ಹಾಲ್ ಗೋಡೆ ನೋಡಿಲ್ವಾ? ಫಸ್ಟ್ ಕೋಟ್ ನಂದು. ಅಪ್ಪ ಬರೀ ಸೆಕೆಂಡ್ ಕೋಟ್ ಹೊಡೆದಿದ್ದು."

ಆ ಗೋಡೆಯನ್ನು ನೋಡದವರು ಯಾರೂ ಇರಲಿಲ್ಲ. ಮನೆಗೆ ಬಂದವರು ಚಪ್ಪಲಿ ಬಿಡುವುದರೊಳಗೆ ಮೇಸ್ತ್ರಿ ಅವರಿಗೆ ನೀಲಿ ಗೋಡೆ ತೋರಿಸುತ್ತಿದ್ದಳು. ಗ್ಯಾಸ್ ತಂದವರಿಗೂ ತೋರಿಸಿದ್ದಳು. ಅವರು ಸಿಲಿಂಡರ್ ಹೆಗಲ ಮೇಲೆ ಇಟ್ಟುಕೊಂಡೇ ಚೆನ್ನಾಗಿದೆ ಎಂದಿದ್ದರು.

"ಗೋಡೆ ಬೇರೆ, ದೆವ್ವ ಬೇರೆ," ಎಂದಳು ಲಾಯರ್.

ವೈರಿನ ಮಾತು ಮೇಸ್ತ್ರಿಯ ನಾಲಿಗೆ ತುದಿಗೆ ಬಂತು. ಆದರೆ ಲಾಯರ್ ಬಾಯಿಮಾತು ನಂಬುವವಳಲ್ಲ. ತೋರಿಸಬೇಕು. ಆ ಸೊಟ್ಟ ಪಿನ್ನನ್ನು ಅವಳ ಮೂಗಿನ ಮುಂದೆ ಹಿಡಿಯಬೇಕು.

"ಭಾನುವಾರ ಮನೆಗೆ ಬಾ," ಎಂದಳು. "ಸಾಕ್ಷಿ ಕೊಡ್ತೀನಿ."

ಭಾನುವಾರ ಬರುವ ತನಕ ಕ್ಲಾಸಿನಲ್ಲಿ ಅವಳಿಗೆ ನೆಮ್ಮದಿ ಇರಲಿಲ್ಲ. ಲೆಕ್ಕ ಸರಿ ಮಾಡಿದರೆ, "ಟೀಚರ್ ಬಿಟ್ಟುಕೊಟ್ರು, ಪಾಪ." ಆಟದ ಬಯಲಲ್ಲಿ ಓಡಿ ಮುಂದೆ ಬಂದರೆ, "ಬಿಟ್ಬಿಡ್ರೋ, ಪಾಪ." ನಲ್ಲಿಯ ಹತ್ತಿರ ಲಾಯರ್ ಎಲ್ಲರನ್ನೂ ಪಕ್ಕಕ್ಕೆ ಸರಿಸಿ, "ಮೇಸ್ತ್ರಿಗೆ ದಾರಿ ಬಿಡಿ, ಪಾಪ," ಎಂದಾಗ ಬಾಯಾರಿಕೆಯೇ ಹೋಗಿಬಿಟ್ಟಿತು.

* * *

ಮನೆಯಲ್ಲಿ ಇನ್ನೊಂದು ತೊಂದರೆ ಶುರುವಾಗಿತ್ತು. ಬಟಾಣಿ ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲ.

ಅಮ್ಮ ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಇಡೀ ದಿನ ಫೋನ್ ಎತ್ತುವ ಕೆಲಸ ಮಾಡುತ್ತಿದ್ದಳು. ಮನೆಗೆ ಬಂದರೂ ಆ ಮಾತುಗಳು ಅವಳ ನಾಲಿಗೆಯಿಂದ ಇಳಿಯುತ್ತಿರಲಿಲ್ಲ. "ಒಂದು ನಿಮಿಷ ಲೈನಲ್ಲಿರಿ," ಎಂದು ತುತ್ತು ಕಲಸಿ ಅವನ ಮೂತಿಯ ಮುಂದೆ ಹಿಡಿದಳು. "ಈಗ ಹೇಳಿ, ಏನು ತೊಂದರೆ?"

ಬಟಾಣಿ ತುಟಿ ಒತ್ತಿಕೊಂಡು ತಲೆ ಅಲ್ಲಾಡಿಸಿದ. ಟಿವಿ ತೋರಿಸಿದ. ಅಕ್ಕನನ್ನು ತೋರಿಸಿದ. ಆಮೇಲೆ ತನ್ನ ಕುತ್ತಿಗೆಗೆ ಅಡ್ಡಲಾಗಿ ಬೆರಳು ಎಳೆದು ನಾಲಿಗೆ ಹೊರಹಾಕಬೇಕೆಂದುಕೊಂಡ, ಬಾಯಿ ತೆರೆಯುವಂತಿಲ್ಲ ಎಂದು ನೆನಪಾಗಿ ಬರೀ ಕಣ್ಣು ಮೇಲೆ ಮಾಡಿದ.

"ಇವನು ಬಾಯಿ ತೆರೆದ್ರೆ ದೆವ್ವಾನೂ ತೆರೆಯುತ್ತಂತೆ," ಎಂದಳು ಮೇಸ್ತ್ರಿ. "ನಾನು ಸತ್ತೋಗ್ತೀನಂತೆ."

"ಟಿವಿ ಆಫ್ ಆಗಿದೆಯಲ್ಲೋ ಚಿನ್ನ."

"ಆಫ್ ಮಾಡಿದ್ರೂ ಒಳಗೆ ಇರುತ್ತೆ," ಎಂದ ಬಟಾಣಿ. ಅಷ್ಟರಲ್ಲಿ ತುತ್ತು ಒಳಗೆ ಹೋಗಿತ್ತು. ಅಮ್ಮನ ಕೈ ಫೋನ್ ಎತ್ತುವುದರಲ್ಲಿ ಮಾತ್ರವಲ್ಲ, ಇದರಲ್ಲೂ ಚುರುಕು.

ಅವನು ಅಗಿಯುತ್ತ ಅಕ್ಕನ ಹತ್ತಿರ ಸರಿದ. "ಅಕ್ಕ, ಅಸ್ಥಿಪಂಜರ ನಿನಗೆ ಹೊಡೆದಿದ್ದು ನಾನಲ್ಲ. ಅದು ನನ್ನ ಮಾತು ಕೇಳಲ್ಲ."

ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಈಗ ಬರೀ ಸಿಟ್ಟು ಬಂತು. ಬರಲಿ ಭಾನುವಾರ, ಎಂದುಕೊಂಡಳು. ಲಾಯರ್ ಎದುರಿಗೇ ಆ ವೈರ್ ಎಳೆದು ತೋರಿಸ್ತೀನಿ. ನೋಡು ಮಾರಾಯ, ನೀನು ದೆವ್ವ ಅಲ್ಲ, ನೀನು ಏನೂ ಅಲ್ಲ ಅಂತ ಹೇಳ್ತೀನಿ.

* * *

ಭಾನುವಾರ ಬೆಳಿಗ್ಗೆ ಅಪ್ಪ ಹಿತ್ತಿಲ ಗೋಡೆಗೆ ಬಣ್ಣ ಹೊಡೆಯಲು ಹೊರಟ. ಊರವರ ಗೋಡೆಗಳಿಗೆಲ್ಲ ಬಣ್ಣ ಬಳಿದು, ನಮ್ಮನೆಯದು ಹೀಗೆ ಬೋಳಾಗಿದೆ ಎಂದು ಅಮ್ಮ ಹಲವು ಸಲ ಹೇಳಿದ್ದಳು. ಅಪ್ಪ ಹಳೆಯ ಅಂಗಿ ಹಾಕಿಕೊಂಡ. ಆ ಅಂಗಿಯ ನಿಜವಾದ ಬಣ್ಣ ಯಾವುದೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಏಣಿ ಇಟ್ಟ, ಹಳದಿ ಬಣ್ಣ ಕಲಕಿದ.

"ನನಗೆ?" ಎಂದ ಬಟಾಣಿ.

"ಇರು ಚಿಕ್ಕ ಮೇಸ್ತ್ರಿ, ನಿನ್ನ ಸಾಮಾನು ಬೇರೆ."

ಅಪ್ಪ ಒಳಗಿನಿಂದ ಒಂದು ಸಣ್ಣ ಡಬ್ಬ ಮತ್ತು ಕೂದಲುದುರಿದ ಒಂದು ಬ್ರಶ್ಶು ತಂದುಕೊಟ್ಟ. ಬಟಾಣಿ ಅಲ್ಲೇ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಲಸ ಶುರುಮಾಡಿದ. ಬ್ರಶ್ಶು ಅದ್ದುವುದು, ಅಂಚಿಗೆ ಒರೆಸುವುದು, ಮೇಲೆ ಕೆಳಗೆ ಎಳೆಯುವುದು. ಉಸಿರು ಬಿಡುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ. ಅವನು ಎಳೆದಲ್ಲೆಲ್ಲ ಗೋಡೆ ಕಪ್ಪಗಾಗುತ್ತಿತ್ತು.

ಬಟ್ಟೆ ಒಣಹಾಕಲು ಬಂದ ಮೇಸ್ತ್ರಿ ಡಬ್ಬದೊಳಗೆ ಇಣುಕಿದಳು. ಅವಳ ಮುಖವೇ ಅದರಲ್ಲಿ ಕಂಡಿತು.

ಅವಳು ಏಣಿಯ ಹತ್ತಿರ ಹೋದಳು. "ಅಪ್ಪ, ಅದರಲ್ಲಿ ಬರೀ ನೀರಿದೆ."

"ಗೊತ್ತು," ಎಂದ ಅಪ್ಪ ಮೆಲ್ಲಗೆ.

"ಅವನು ಬಣ್ಣ ಅಂದ್ಕೊಂಡಿದಾನೆ."

"ಅಂದ್ಕೊಳ್ಳಲಿ. ಎಷ್ಟು ನೀಟಾಗಿ ಎಳೀತಿದಾನೆ ನೋಡು."

ಬಟಾಣಿ ಮುಂದೆ ಮುಂದೆ ಸರಿಯುತ್ತಿದ್ದ. ಅವನ ಬೆನ್ನ ಹಿಂದೆ ಬಿಸಿಲು ಗೋಡೆಯನ್ನು ಒಣಗಿಸುತ್ತ ಬರುತ್ತಿತ್ತು. ಅವನು ತಿರುಗಿ ನೋಡುವ ಮೊದಲೇ ಅಪ್ಪ ಏಣಿಯಿಂದ ಇಳಿದು, ಒಣಗಿದ ಜಾಗದ ಮೇಲೆ ಸರಸರ ಹಳದಿ ಎಳೆದುಬಿಟ್ಟ.

"ಅಪ್ಪಾ, ಅದು ನಾನು ಬಳಿದಿದ್ದು," ಎಂದ ಬಟಾಣಿ.

"ನಿಂದೇ ಕಣಪ್ಪ. ಫಸ್ಟ್ ಕೋಟ್ ನಿಂದು. ನಾನು ಬರೀ ಸೆಕೆಂಡ್ ಕೋಟ್ ಹೊಡೀತಿದೀನಿ."

ಮೇಸ್ತ್ರಿಯ ಕೈಯಲ್ಲಿದ್ದ ಒದ್ದೆ ಟವಲ್ ಕಾಲ ಮೇಲೆ ಬಿತ್ತು.

ಅವಳು ಅದನ್ನು ಎತ್ತದೆ ಒಳಗೆ ಹೋದಳು. ಹಾಲಿನಲ್ಲಿ ನೀಲಿ ಗೋಡೆಯ ಎದುರಿಗೆ ನಿಂತಳು. ಹತ್ತಿರ ಹೋಗಿ, ತಾನು ಬಳಿದ ಎತ್ತರದವರೆಗೆ ಕೈಯಾಡಿಸಿದಳು. ಮೇಲೂ ಅದೇ ನೀಲಿ, ಕೆಳಗೂ ಅದೇ ನೀಲಿ. ಎಲ್ಲೂ ಒಂದು ಗೆರೆ ಇಲ್ಲ, ಬಣ್ಣ ಸೋರಿದ ಒಂದು ಗುರುತಿಲ್ಲ. ಬಟಾಣಿಯಷ್ಟು ಇದ್ದವಳು ಅಷ್ಟು ಚೆನ್ನಾಗಿ ಬಳಿದಿರಲು ಸಾಧ್ಯವೇ ಇರಲಿಲ್ಲ. ಇಷ್ಟು ದಿನ ಅದು ಅವಳಿಗೆ ಹೊಳೆದಿರಲೇ ಇಲ್ಲ.

ಮುಖ ಬಿಸಿಯಾಯಿತು. ಗ್ಯಾಸಿನವರಿಗೆ ತೋರಿಸಿದ್ದು ನೆನಪಾಯಿತು. ಅಮ್ಮನ ಆಸ್ಪತ್ರೆಯವರಿಗೆ ತೋರಿಸಿದ್ದು, ಇಡೀ ವ್ಯಾನಿಗೆ ಹೇಳಿದ್ದು ನೆನಪಾಯಿತು.

ಅದರ ಜೊತೆಗೆ ಇನ್ನೊಂದು ನೆನಪಾಯಿತು. ಅವಳು ಗೋಡೆ ತೋರಿಸಿದಾಗಲೆಲ್ಲ ಬಂದವರು ಅಪ್ಪನ ಮುಖ ನೋಡುತ್ತಿದ್ದರು. ಅಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದ. "ಹೌದು, ನಮ್ಮ ಮೇಸ್ತ್ರಿ ಕೆಲಸ," ಅನ್ನುತ್ತಿದ್ದ. ಒಂದು ಸಲವೂ ನಕ್ಕಿರಲಿಲ್ಲ. ಕಣ್ಣು ಮಿಟುಕಿಸಿರಲಿಲ್ಲ.

ಹೊರಗೆ ಗೇಟಿನ ಚಿಲಕ ಸದ್ದಾಯಿತು. ಚಪ್ಪಲಿ ಪಟಪಟ ಬಡಿಯುತ್ತ ಲಾಯರ್ ಬರುತ್ತಿದ್ದಳು.

* * *

"ಎಲ್ಲಿ ಸಾಕ್ಷಿ?" ಎಂದಳು ಲಾಯರ್, ಕೂರುವ ಮೊದಲೇ.

"ಮೊದಲು ಆಡೋಣ," ಎಂದಳು ಮೇಸ್ತ್ರಿ.

ಬಟಾಣಿ ಮೊಣಕೈತನಕ ಒದ್ದೆಯಾಗಿ ಓಡಿಬಂದು ತನ್ನ ರಿಮೋಟನ್ನು ಎತ್ತಿಕೊಂಡ. ಅವನು ಎಳೆದ ರಭಸಕ್ಕೆ ಟಿವಿ ಸ್ಟ್ಯಾಂಡಿನ ಹಿಂದಿನಿಂದ ವೈರ್ ಜಾರಿ ಬಂದು ನೆಲದ ಮೇಲೆ ಬಿತ್ತು. ತುದಿಯಲ್ಲಿ ಸೊಟ್ಟ ಪಿನ್ನು. ಲಾಯರ್ ಕ್ಯಾಸೆಟ್ಟಿಗೆ ಊದುವುದರಲ್ಲಿ ಮುಳುಗಿದ್ದಳು. ಈಗ ಬೆರಳು ತೋರಿಸಿದರೆ ಸಾಕಿತ್ತು. ಒಂದು ಮಾತೂ ಬೇಕಿರಲಿಲ್ಲ.

ಮೇಸ್ತ್ರಿ ಕಾಲಿನಿಂದ ಆ ಪಿನ್ನನ್ನು ಚಾಪೆಯ ಅಡಿಗೆ ತಳ್ಳಿದಳು. ಮೇಲೆ ತಾನೇ ಕೂತಳು. ಅದು ಚುಚ್ಚುತ್ತಿತ್ತು. ಆದರೂ ಅಲುಗಲಿಲ್ಲ.

ಕೊನೇ ಮಹಡಿಯವರೆಗೆ ಅವಳೇ ಆಡಿ, ರಿಮೋಟನ್ನು ಲಾಯರ್ ಕೈಗೆ ಕೊಟ್ಟಳು. "ಈಗ ನೀನು."

ಲಾಯರ್ ಹಾರಿದಳು. ದೆವ್ವ ಬಾಯಿ ತೆರೆಯಿತು. ಗಳಕ್.

"ಯಾಕೋ ನುಂಗಿದೆ?" ಎಂದಳು ಲಾಯರ್, ಬಟಾಣಿಯ ಕಡೆ ತಿರುಗಿ.

"ನೀನು ವ್ಯಾನಲ್ಲಿ ಅಕ್ಕನ್ನ ನೋಡಿ ನಕ್ಕೆ."

ಮೇಸ್ತ್ರಿ ಬೆಚ್ಚಿ ತಮ್ಮನನ್ನು ನೋಡಿದಳು. ಅವನು ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

"ಎಲ್ರೂ ನಕ್ರು," ಎಂದಳು ಲಾಯರ್.

"ಅವರೂ ಬರ್ಲಿ. ಅವರನ್ನೂ ತಿಂತೀನಿ."

ಲಾಯರ್ ಮತ್ತೆ ಹಾರಿದಳು. ಮತ್ತೆ ಗಳಕ್. ಅವಳ ಹಣೆಯಲ್ಲಿ ಬೆವರು ಮೂಡಿತು. ಉಳಿದದ್ದು ಒಂದೇ ಜೀವ. ಸಾಕ್ಷಿ ಕೇಳಲು ಬಂದವಳು ಈಗ ಚಾಪೆಯ ಮೇಲೆ ಮಂಡಿಯೂರಿ, ಎಲ್ಲಿಗೂ ಸೇರದ ರಿಮೋಟು ಹಿಡಿದ ದೆವ್ವದ ಮುಂದೆ ಕೈ ಜೋಡಿಸಿದ್ದಳು.

"ದೆವ್ವದವರೇ, ಇನ್ಮೇಲೆ ನಗಲ್ಲ. ಒಂದು ಸಲ ಬಿಡಿ. ಪ್ಲೀಸ್."

ಬಟಾಣಿ ಯೋಚಿಸಿದ. "ಅಕ್ಕ, ಬಿಡ್ಲಾ?"

ಮೇಸ್ತ್ರಿಗೆ ನಗು ಹೊಟ್ಟೆಯೊಳಗಿಂದ ಒದೆಯುತ್ತಿತ್ತು. ಅವಳು ಅಪ್ಪನ ಮುಖವನ್ನು ನೆನಪಿಸಿಕೊಂಡಳು. ಹಾಗೇ ಗಂಭೀರವಾಗಿ ತಲೆಯಾಡಿಸಿದಳು.

"ಬಿಡೋಣ. ಆದ್ರೆ ನಾನು ಹೇಳಿದಾಗ ಬಾಯಿ ಮುಚ್ಕೋಬೇಕು. ಲಾಯರ್, ಅವನು ಮುಚ್ಚಿದ ತಕ್ಷಣ ನೀನು ಹಾರು."

ಪುಟ್ಟ ಮನುಷ್ಯ ಮೆಟ್ಟಿಲ ತುದಿಗೆ ಬಂದ. ದೆವ್ವ ಬಾಯಿ ತೆರೆಯಿತು. ಬಟಾಣಿಯೂ ಗಂಟಲು ಕಾಣುವಂತೆ ತೆರೆದ. ಮೇಸ್ತ್ರಿ ದೆವ್ವದ ಎಡ ಹುಬ್ಬನ್ನೇ ನೋಡುತ್ತಿದ್ದಳು. ಆ ಹುಬ್ಬಿನ ಗುಟ್ಟು ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನು ಕಂಡುಹಿಡಿಯಲು ಅವಳು ಎಷ್ಟು ಸಂಜೆ ಸತ್ತಿದ್ದಳೋ ಲೆಕ್ಕವಿಲ್ಲ.

ಹುಬ್ಬು ಮೇಲೆ ಹೋಯಿತು.

"ಬಟಾಣಿ, ಮುಚ್ಕೋ."

ಬಟಾಣಿ ಟಪ್ ಎಂದು ಬಾಯಿ ಮುಚ್ಚಿದ. ದೆವ್ವವೂ ಮುಚ್ಚಿತು. ಲಾಯರ್ ಹಾರಿದಳು, ದೆವ್ವದ ತಲೆ ಮೆಟ್ಟಿದಳು, ಆಚೆ ಬಿದ್ದಳು. ಬಂಗಲೆಯ ಕಿಟಕಿಗಳಲ್ಲಿ ದೀಪ ಹೊತ್ತಿಕೊಂಡಿತು.

"ಬಿಟ್ಟ," ಎಂದಳು ಲಾಯರ್. ಉಸಿರು ಬಿಟ್ಟು, ಕೂದಲು ಸರಿಮಾಡಿಕೊಂಡಳು. ಒಂದು ಕ್ಷಣದಲ್ಲೇ ಮತ್ತೆ ಲಾಯರ್ ಆದಳು. "ಹಾಗಾದ್ರೆ ಇವನೇ ದೆವ್ವ, ಅದು ಪ್ರೂವ್ ಆಯ್ತು. ಅವತ್ತು ನೀನು ಗೆದ್ದಿದ್ದೂ ಇವನು ಬಿಟ್ಟಿದ್ದಕ್ಕೇ. ಒಪ್ಕೋ."

ಬಟಾಣಿ ಅಕ್ಕನ ಮುಖ ನೋಡಿದ. ತುಟಿ ಇನ್ನೂ ಮುಚ್ಚಿಕೊಂಡೇ ಇದ್ದ, ಕಣ್ಣು ಮಾತ್ರ ಇಷ್ಟಗಲ ತೆರೆದಿತ್ತು.

ಚಾಪೆಯ ಅಡಿಯ ಪಿನ್ನು ಮೇಸ್ತ್ರಿಯನ್ನು ಚೆನ್ನಾಗಿಯೇ ಚುಚ್ಚುತ್ತಿತ್ತು.

"ಹೂಂ," ಎಂದಳು. "ಅವನೇ ಬಿಟ್ಟಿದ್ದು."

* * *

ಲಾಯರ್ ಹೊರಡುವಾಗ ಬಟಾಣಿ ಅವಳ ಕೈ ಹಿಡಿದು ಹಿತ್ತಿಲಿಗೆ ಎಳೆದ. ಗೋಡೆ ಪೂರ್ತಿ ಹಳದಿಯಾಗಿ ಬಿಸಿಲಿಗೆ ಹೊಳೆಯುತ್ತಿತ್ತು. ಅಪ್ಪ ನಲ್ಲಿಯ ಹತ್ತಿರ ಬ್ರಶ್ಶು ತೊಳೆಯುತ್ತಿದ್ದ.

"ಇದು ನಾನು ಬಳಿದಿದ್ದು," ಎಂದ ಬಟಾಣಿ. "ಫಸ್ಟ್ ಕೋಟ್ ನಂದು. ಅಪ್ಪ ಬರೀ ಸೆಕೆಂಡ್ ಕೋಟ್."

ಲಾಯರ್ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಬಟಾಣಿಯನ್ನೂ ಮೇಲಿಂದ ಕೆಳಗೆ ನೋಡಿದಳು. ಅವನ ಅಂಗಿಯಲ್ಲಿ ಒಂದು ಹನಿ ಹಳದಿಯೂ ಇರಲಿಲ್ಲ. ಅವಳ ಹುಬ್ಬು ಗಂಟಾಯಿತು.

"ಸಾಕ್ಷಿ?"

ಅಪ್ಪ ನಲ್ಲಿ ನಿಲ್ಲಿಸಿ ತಲೆಯೆತ್ತಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಮುಂದೆ ಬಂದು ತಮ್ಮನ ಪಕ್ಕ ನಿಂತಳು.

"ನಾನಿದೀನಲ್ಲ," ಎಂದಳು. "ಅವನು ಬಳಿಯೋದನ್ನ ನಾನೇ ನೋಡಿದೀನಿ."

ಅಪ್ಪ ಅವಳನ್ನು ನೋಡಿದ. ಅವಳು ಅಪ್ಪನನ್ನು ನೋಡಿದಳು. ಇಬ್ಬರೂ ನಗಲಿಲ್ಲ.